ಕೂಗಿಗೆ ಬಿಟ್ಟ ನಾಲ್ಕು ಸುತ್ತು

ಪುಂಗೋಲ್, ಸಿಂಗಪುರ
9 ಮಾರ್ಚ್ 2024

ಸುಭಾಷಣ್ಣಾ,

ಆರು ವರ್ಷದ ಮೇಲೆ ಬರೆಯುತ್ತಿದ್ದೇನೆ. ಬೈಯಬೇಕು ಅನ್ನಿಸಿದರೆ ಒಂದು ಪುಟ ಬೈದು ಮುಗಿಸು, ಆಮೇಲೆ ಮುಂದಕ್ಕೆ ಓದು. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಹೋದ ದೀಪಾವಳಿಗೆ ನನ್ನ ಗಂಡ ಆನಂದಕುಮಾರ ಹತ್ತು ಸಲ ಪ್ರಯತ್ನಪಟ್ಟು ಒಮ್ಮೆ ಸಿಕ್ಕಾಗ, ‘ಏನರ ಹೇಳೂದಿದ್ರ ಬರದು ಹೇಳ್ರಿ’ ಅಂದು ಇಟ್ಟುಬಿಟ್ಟೆಯಂತೆ. ಸರಿ, ಬರೆದೇ ಹೇಳುತ್ತೇನೆ.

ಎರಡು ವರ್ಷದಿಂದ ನಾನು ಇಲ್ಲಿಯ ಉಬಿ ಅನ್ನುವ ಬಡಾವಣೆಯಲ್ಲಿ ಒಂದು ರೆಕಾರ್ಡಿಂಗ್ ಸ್ಟುಡಿಯೋಗೆ ಕೆಲಸಕ್ಕೆ ಹೋಗುತ್ತಿದ್ದೇನೆ. ಸ್ಟುಡಿಯೋ ಅಂದ ಕೂಡಲೇ ಕಣ್ಣರಳಿಸಬೇಡ. ಕೆಳಗೆ ಕಾರು ರಿಪೇರಿ, ಎರಡನೇ ಮಹಡಿಯಲ್ಲಿ ಬಿಸ್ಕತ್ತು ತುಂಬುವ ಗೋದಾಮು, ಮೂರರಲ್ಲಿ ನಾವು. ಮಾಲೀಕ ಫಿನ್‌ಲೆಂಡಿನವನು, ಇಲ್ಮೊ ಅಂತ. ಐವತ್ತು ವಯಸ್ಸು. ಹಿಪ್‌ಹಾಪ್ ಡಿಜೆ, ಸಂಗೀತ ನಿರ್ಮಾಪಕ. ಅವನ ದೇಶದಲ್ಲಿ ಒಂದು ಕಾಲಕ್ಕೆ ಬೀದಿಯಲ್ಲಿ ನಿಲ್ಲಿಸಿ ಸಹಿ ಕೇಳುತ್ತಿದ್ದರಂತೆ. ಈಗ ಇಲ್ಲಿ ಶಾಲೆಯ ವಾರ್ಷಿಕೋತ್ಸವಕ್ಕೆ, ಹೊಸ ಕಾಂಡೋದ, ಅಂದರೆ ಶ್ರೀಮಂತರ ಅಪಾರ್ಟ್‌ಮೆಂಟಿನ, ಉದ್ಘಾಟನೆಗೆ, ಟೂತ್‌ಪೇಸ್ಟಿಗೆ ಸಂಗೀತ ಮಾಡಿಕೊಡುತ್ತಾನೆ. ನಾನು ಬುಕಿಂಗ್ ಬರೆದುಕೊಳ್ಳುತ್ತೇನೆ, ಬಂದವರಿಗೆ ಕಾಫಿ ಕೊಡುತ್ತೇನೆ, ಫಾರ್ಮುಗಳನ್ನು ತುಂಬುತ್ತೇನೆ. ಬಸ್‌ಸ್ಟ್ಯಾಂಡಿನಲ್ಲಿ ಪೊಲೀಸರ ಮುಖಕ್ಕೆ ಹಾಡುತ್ತಿದ್ದ ಗಂಟಲು ಈಗ ‘ಪ್ಲೀಸ್ ಹ್ಯಾವ್ ಎ ಸೀಟ್’ ಅನ್ನುತ್ತದೆ. ನಗು, ಪರವಾಗಿಲ್ಲ.

ವಿಷಯ ಇಷ್ಟು. ನಮ್ಮ ಹೋರಾಟದ ಹಾಡಿನ ತಂಡದ ಕ್ಯಾಸೆಟ್ ಇನ್ನೂ ನನ್ನ ಹತ್ತಿರ ಇದೆ. ತೊಂಬತ್ನಾಲ್ಕರದ್ದು. ನೀನು ಬರೆದ ಹಾಡು, ನನ್ನ ದನಿ, ನಾಗಮಣಿಯ ಹಲಗಿ. ಮನೆಯ ಟೇಪ್‌ರೆಕಾರ್ಡರ್ ಕೆಟ್ಟು ಎಷ್ಟೋ ಕಾಲವಾಯಿತು. ಸ್ಟುಡಿಯೋದಲ್ಲಿ ಹಳೆಯದೊಂದು ಇದೆ. ಹೋದ ಮಂಗಳವಾರ ಮಧ್ಯಾಹ್ನ ಗಿರಾಕಿಗಳಿರಲಿಲ್ಲ, ಹಾಕಿದೆ. ನೂಡಲ್ಸ್ ತಿನ್ನುತ್ತಿದ್ದ ಇಲ್ಮೊ ಕಡ್ಡಿ ಕೆಳಗಿಟ್ಟು ಎದ್ದು ಬಂದ.

‘ಯಾರಿದು?’ ಅಂದ.

‘ನಾವು’ ಅಂದೆ.

‘ನಾವು ಅಂದರೆ ಯಾರ‍್ಯಾರು?’

‘ನಾವು ಅಂದರೆ ನಾವು. ಜನ.’

ಮೂರನೇ ಹಾಡನ್ನು ಐದು ಸಲ ಹಿಂದಕ್ಕೆ ಓಡಿಸಿ ಕೇಳಿದ. ನಮ್ಮ ಹಾಡು ಫಿನ್‌ಲೆಂಡಿನವನೊಬ್ಬನ ಊಟ ಆರಿಸಿತು ಅಣ್ಣಾ. ಮೂವತ್ತು ವರ್ಷದ ಮೇಲೆ ಯಾರೋ ನನ್ನ ದನಿ ಕೇಳಿ ಎದ್ದು ನಿಂತರು. ಅದನ್ನು ಹೇಳಲು ಈ ಊರಿನಲ್ಲಿ ನನಗೆ ಒಬ್ಬರೂ ಇಲ್ಲ, ಅದಕ್ಕೆ ನಿನಗೆ ಬರೆದೆ.

ನಾಗಮಣಿ ಹೇಗಿದ್ದಾಳೆ? ಅವಳ ನಂಬರು ಚಾಲ್ತಿಯಲ್ಲಿಲ್ಲ ಅನ್ನುತ್ತದೆ. ಹೊಸದನ್ನು ಬರೆದು ಕಳಿಸು. ನಿನ್ನ ಹೆಂಡತಿ ಆಗುವುದಕ್ಕಿಂತ ಮೊದಲು ಅವಳು ನನ್ನ ಗೆಳತಿ, ನೆನಪಿರಲಿ.

ವೇದಾವತಿ

*

ಬೆಟಗೇರಿ, ಗದಗ
2 ಏಪ್ರಿಲ್ 2024

ವೇದಾ,

ಬೈಯಲು ದಮ್ಮು ಬೇಕು. ಈಗ ಓಣಿಯ ತುದಿಯ ನಳದಿಂದ ಎರಡು ಕೊಡ ನೀರು ತರುವಷ್ಟರಲ್ಲಿ ನನ್ನ ದಮ್ಮು ಮುಗಿಯುತ್ತದೆ. ಹಾಗಾಗಿ ಉಳಿದುಕೊಂಡೆ ಅಂದುಕೋ.

ಡಿಜೆ ಅಂತ ಓದಿ ಗಾಬರಿಯಾದೆ. ಇಲ್ಲಿ ಡಿಜೆ ಅಂದರೆ ಗಣಪತಿ ಮೆರವಣಿಗೆಯಲ್ಲಿ ಲಾರಿಯ ತುಂಬ ಸ್ಪೀಕರ್ ಪೇರಿಸಿ ಮುದುಕರ ಎದೆ ನಡುಗಿಸುವ ಧಂದೆ. ಪಕ್ಕದ ಮನೆಯ ನಾಗಲಿಂಗಪ್ಪನಿಗೆ ಬಾಯಿ ತಪ್ಪಿ ಹೇಳಿದೆ. ನೀನು ಅಣ್ಣಾ ಅನ್ನುವುದರಿಂದ ನೀನು ನನ್ನ ಒಡಹುಟ್ಟಿದವಳು ಅಂತಲೇ ಅವನ ಲೆಕ್ಕ. ಅವನು ಇಡೀ ಓಣಿಗೆ ಕೇಳುವ ಹಾಗೆ, ‘ಮಾಸ್ತರ, ನಿಮ್ಮ ತಂಗಿ ಸಿಂಗಪುರದಾಗ ಡಿಜೆ ಅಂಗಡಿ ತಗದಾಳಂತಲ್ಲ! ಈ ಸಲ ಗಣಪತಿಗೆ ಕರಸ್ರಿ. ಖರ್ಚ ಎಷ್ಟಾದ್ರೂ ಆಗ್ಲಿ, ಪೊಲೀಸರು ಹಿಡದ್ರ ನೀವ ಬಿಡಸ್ಕೊಂಡ ಬರಬೇಕು’ ಅಂದ. ನಿನ್ನ ಫಿನ್‌ಲೆಂಡಿನವನು ಬೇರೆ ಜಾತಿಯ ಡಿಜೆ ಇರಬೇಕು. ಅವನ ಕಥೆ ಏನು, ಸರಿಯಾಗಿ ಬರೆ. ಐವತ್ತರಲ್ಲಿ ಟೂತ್‌ಪೇಸ್ಟಿಗೆ ಬಾರಿಸುವವನು ಇಪ್ಪತ್ತರಲ್ಲಿ ಯಾವುದಕ್ಕೆ ಬಾರಿಸುತ್ತಿದ್ದ ಅಂತ ಗೊತ್ತಾದರೆ ಮನುಷ್ಯ ಗೊತ್ತಾಗುತ್ತಾನೆ.

ಮೂರನೇ ಹಾಡು ಕೇಳಿದ ಅಂದೆಯಲ್ಲ, ಅವನಿಗೆ ಒಂದು ಮಾತು ಹೇಳು. ನೀನು ಹಾಡಿ ನಿಲ್ಲಿಸಿದ ಮೇಲೆ ನಾಲ್ಕು ಸುತ್ತು ಬರೀ ಹಲಗಿ ಇದೆ. ಅಲ್ಲಿ ನಾವು ಸಂಗೀತ ಮಾಡಲಿಲ್ಲ, ಜಾಗ ಬಿಟ್ಟೆವು. ಯಾವ ಊರಿಗೆ ಹೋದರೂ ಆ ಊರಿನ ಕೈಯಲ್ಲಿ ಸತ್ತವರ ಹೆಸರನ್ನು ಅಲ್ಲಿಯವರೇ ಕೂಗಲು ಬಿಟ್ಟ ಜಾಗ. ಕೆರೆಯ ನೀರು ಮುಟ್ಟಿದ್ದಕ್ಕೆ ಸತ್ತವನು, ಗಟಾರಿನೊಳಗೆ ಇಳಿದು ಮೇಲೆ ಬಾರದವನು, ಸ್ಟೋವ್ ಸಿಡಿಯಿತು ಅಂತ ಬರೆಸಿಕೊಂಡು ಸುಟ್ಟುಹೋದವಳು. ಕ್ಯಾಸೆಟ್ ಮಾಡುವ ದಿನ ಯಾರ ಹೆಸರು ಕೂಗುವುದು ಅಂತ ಜಗಳವಾಯಿತು. ಕಿಟಕಿಗೆಲ್ಲ ಕೌದಿ ಕಟ್ಟಿದ್ದ ಆ ಕೋಣೆಯಲ್ಲಿ ಬೆವರು ಸುರಿಸುತ್ತ ಕೂತಿದ್ದಾಗ ನಾಗಮಣಿಯೇ ಅಂದಳು: ‘ಒಬ್ಬರ ಹೆಸರು ಹಾಕಿದ್ರ ಉಳದವ್ರನ್ನ ಇನ್ನೊಮ್ಮೆ ಕೊಂದಂಗ. ಖಾಲಿ ಬಿಡ್ರಿ, ಕೇಳಾವ್ರು ಕೂಗ್ತಾರ.’ ಕವರಿನ ಮೇಲೆ ನಮ್ಮ ಹೆಸರುಗಳನ್ನೂ ಹಾಕಲಿಲ್ಲ. ಯಾವ ಹಾಡಿಗೂ ಹೆಸರು ಹಾಕಬಾರದು ಅನ್ನುವುದು ತಂಡದ ಕಟ್ಟಳೆ. ಅದನ್ನು ಮುರಿದವರು ಇವತ್ತು ಅಕಾಡೆಮಿಗಳ ಶಾಲು ಹೊದ್ದು ಕೂತಿದ್ದಾರೆ.

ನಾಗಮಣಿ ಆರಾಮ. ಮೊಬೈಲು ಕೆಟ್ಟಿತು, ಹೊಸದು ಕೊಂಡಿಲ್ಲ. ನಿನ್ನ ಪತ್ರ ಓದಿ ಹೇಳಿದೆ, ಕೇಳಿಸಿಕೊಂಡಳು.

ಸುಭಾಷ್

*

ಪುಂಗೋಲ್
28 ಏಪ್ರಿಲ್ 2024

ಸುಭಾಷಣ್ಣಾ,

ಇಲ್ಮೊನ ಕಥೆ ಕೇಳಿದೆ. ಕೆಲಸ ಇಲ್ಲದ ಮಧ್ಯಾಹ್ನಗಳು ಇಲ್ಲಿ ಬೇಕಾದಷ್ಟಿವೆ, ಅವನೂ ಹೇಳಿದ. ಸಂದರ್ಶನಗಳಲ್ಲಿ ನೂರು ಸಲ ಹೇಳಿದ್ದನ್ನು ನೂರಾ ಒಂದನೇ ಸಲ ಹೇಳುವವನ ಹಾಗೆ, ಕಿಟಕಿಯ ಆಚೆ ನೋಡುತ್ತ ಹೇಳಿದ.

ರಷ್ಯಾದ ಗಡಿಯ ಕಡೆ ಒಂದು ಕಾಗದದ ಗಿರಣಿಯ ಊರು. ಅಪ್ಪ ಗಿರಣಿ ಕಾರ್ಮಿಕ, ಯೂನಿಯನ್ ಮನುಷ್ಯ. ಹದಿನೈದನೇ ವಯಸ್ಸಿಗೆ ಬೇಸಿಗೆ ರಜೆಯಲ್ಲಿ ಅದೇ ಗಿರಣಿಯಲ್ಲಿ ತೊಗಟೆ ಗುಡಿಸಿ ಎರಡು ಟರ್ನ್‌ಟೇಬಲ್ ಕೊಂಡನಂತೆ. ಹಾಗೆಂದರೆ ರೆಕಾರ್ಡು ತಿರುಗಿಸುವ ಯಂತ್ರ. ಒಂದರಲ್ಲಿ ಹಾಡುತ್ತಿರುವಾಗ ಇನ್ನೊಂದನ್ನು ಕೈಯಿಂದ ಹಿಂದೆ ಮುಂದೆ ಎಳೆದು ಸದ್ದು ಹುಟ್ಟಿಸುತ್ತಾರೆ. ಗಿರಣಿಯ ಸೈರನ್ನನ್ನೇ ತನ್ನ ಹೆಸರು ಮಾಡಿಕೊಂಡ: ಡಿಜೆ ಸಿರೇನಿ. ಇಪ್ಪತ್ತೆರಡಕ್ಕೆ ದೇಶದ ಡಿಜೆ ಸ್ಪರ್ಧೆ ಗೆದ್ದ. ಇಬ್ಬರು ಗೆಳೆಯರ ಜೊತೆ ತಂಡ ಕಟ್ಟಿದ. ರ‍್ಯಾಪ್ ಅಂದರೆ ಇಂಗ್ಲಿಷೇ ಅಂತ ಎಲ್ಲರೂ ನಂಬಿದ್ದ ಕಾಲದಲ್ಲಿ ಇವರು ಫಿನ್ನಿಷ್‌ನಲ್ಲಿ, ಅದೂ ಗಿರಣಿಯ ಓಣಿಯ ಫಿನ್ನಿಷ್‌ನಲ್ಲಿ ಮಾಲೀಕರನ್ನು ಬೈದರು. ಮೊದಲ ರೆಕಾರ್ಡನ್ನು ರೇಡಿಯೋದವರು ಮುಟ್ಟಲಿಲ್ಲ, ಎರಡನೆಯದನ್ನು ಬಿಡಲಿಲ್ಲ. ಆ ಎರಡನೆಯದರಲ್ಲಿ ಗಿರಣಿಯ ಸೈರನ್ ಇತ್ತು. ಶಿಫ್ಟು ಬದಲಾಗುವ ಹೊತ್ತಿಗೆ ಗೇಟಿನ ಮುಂದೆ ನಿಂತು ತಾನೇ ರೆಕಾರ್ಡ್ ಮಾಡಿಕೊಂಡದ್ದು. ದೇಶವೆಲ್ಲ ಕುಣಿಯಿತು.

‘ಅಪ್ಪ ಏನಂದರು?’ ಅಂದೆ.

‘ಅಪ್ಪ ಆಮೇಲೆ ನನ್ನ ಹತ್ತಿರ ಮಾತಾಡಲಿಲ್ಲ.’

‘ಯಾಕೆ?’

‘ಮೂರು ಗಂಟೆಗೆ ಟೂತ್‌ಪೇಸ್ಟಿನವರು ಬರುತ್ತಾರೆ ವೇದಾ’ ಅಂದು ಎದ್ದ.

ಮುಂದಿನದನ್ನು ನಾನೇ ಅಲ್ಲಿ ಇಲ್ಲಿ ಓದಿ ಜೋಡಿಸಿಕೊಂಡೆ. ಗಿರಣಿ ಮುಚ್ಚಿತು. ತಂಡ ಒಡೆಯಿತು. ಹತ್ತು ವರ್ಷ ಬೇರೆಯವರ ಹಾಡುಗಳಿಗೆ ಸಂಗೀತ ಕಟ್ಟಿದ. ಗೋಡೆಯ ಮೇಲಿನ ಬಹುಮಾನಗಳೆಲ್ಲ ಆಗಿನವು. ಹಾಡಿದವರು ದೊಡ್ಡವರಾದರು, ಇವನ ಹೆಸರು ರೆಕಾರ್ಡಿನ ಹಿಂದೆ ಸಣ್ಣ ಅಕ್ಷರದಲ್ಲಿ ಉಳಿಯಿತು. ಆಮೇಲೆ ರೆಕಾರ್ಡೇ ಹೋಗಿ ಎಲ್ಲವೂ ಫೋನಿನೊಳಗೆ ಬಂತು, ಸಣ್ಣ ಅಕ್ಷರವೂ ಹೋಯಿತು. ಒಂದು ಸಂಗೀತ ಉತ್ಸವಕ್ಕೆ ಇಲ್ಲಿಗೆ ಬಂದವನು ಇಲ್ಲಿಯವಳನ್ನು ಮದುವೆಯಾಗಿ ಉಳಿದ. ಮದುವೆ ಮುಗಿಯಿತು, ಉಬಿ ಉಳಿಯಿತು. ಹನ್ನೆರಡು ವರ್ಷದಿಂದ ತನ್ನದು ಅನ್ನುವ ಒಂದು ಹಾಡನ್ನೂ ಮಾಡಿಲ್ಲ.

ಈಗ ಮಾಡಿದ್ದಾನೆ. ನಮ್ಮ ಕ್ಯಾಸೆಟ್ಟಿನಿಂದ. ಇವರ ಕಸುಬೇ ಹಾಗೆ: ಹಳೆಯ ಹಾಡುಗಳಲ್ಲಿ ದನಿ ನಿಂತು ಬರೀ ತಾಳ ಉಳಿಯುವ ಜಾಗ ಹುಡುಕುವುದು, ಅದನ್ನು ಕತ್ತರಿಸಿ ಬಾಲವನ್ನು ತಲೆಗೆ ಜೋಡಿಸಿ ಮುಗಿಯದಂತೆ ತಿರುಗಿಸುವುದು, ಅದರ ಮೇಲೆ ಹೊಸದು ಕಟ್ಟುವುದು. ನಾಗಮಣಿಯ ನಾಲ್ಕು ಸುತ್ತು ಈಗ ನಾಲ್ಕು ನಿಮಿಷ ತಿರುಗುತ್ತದೆ. ಕೇಳಿದರೆ ಮೈ ಜುಮ್ಮೆನ್ನುತ್ತದೆ ಅಣ್ಣಾ. ಆ ಜಾಗ ಯಾಕೆ ಖಾಲಿ ಇದೆ ಅಂತ ಹೇಳಿದೆ. ‘ಹಾಗಾದರೆ ಮುಟ್ಟುವುದಿಲ್ಲ, ಖಾಲಿಯೇ ಇರಲಿ’ ಅಂದ.

ನಾಗಮಣಿಯನ್ನು ಕೇಳು. ಒಪ್ಪುತ್ತಾಳಾ? ಅವಳೇ ನಾಲ್ಕು ಸಾಲು ಬರೆದರೆ ಇನ್ನೂ ಒಳ್ಳೆಯದು. ಅವಳ ಅಕ್ಷರ ನೋಡದೆ ಎಷ್ಟು ದಿನವಾಯಿತು.

ವೇದಾ

*

ಬೆಟಗೇರಿ
20 ಮೇ 2024

ವೇದಾ,

ನಾಗಮಣಿ ಒಪ್ಪಿದಳು. ಹಾಡು ನಮ್ಮಪ್ಪನ ಆಸ್ತಿಯೇ? ಜನರದ್ದು. ಗಿರಣಿಯ ಕಾರ್ಮಿಕನ ಮಗ ಬಳಸಿಕೊಂಡರೆ ಅದು ಇರಬೇಕಾದ ಕಡೆಯೇ ಇದೆ. ಷರತ್ತು ಒಂದೇ. ಆ ಜಾಗದಲ್ಲಿ ಯಾರ ಹೆಸರೂ ಬರಕೂಡದು.

ಇಲ್ಲಿ ಬಿಸಿಲು ಜಾಸ್ತಿ. ಹೆಚ್ಚು ಬರೆಯಲು ಆಗುತ್ತಿಲ್ಲ.

ಸುಭಾಷ್

*

ಪುಂಗೋಲ್
6 ಅಕ್ಟೋಬರ್ 2024

ಸುಭಾಷಣ್ಣಾ,

ನಾಲ್ಕು ತಿಂಗಳು ಸುಮ್ಮನಿದ್ದೆ. ಹೇಳಬಾರದು ಅಂತಲೇ ಇದ್ದೆ. ಹೇಳದೆ ಬದುಕಬಹುದು ಅಂತ ನೋಡಿದೆ, ಆಗಲಿಲ್ಲ.

ಆಗಸ್ಟಿನಲ್ಲಿ ಮಗಳು ಖುಷಿಯ ಜೊತೆ ಸೆರಂಗೂನ್ ಮಾಲಿಗೆ ಹೋಗಿದ್ದೆ. ಎಂಆರ್‌ಟಿ ರೈಲಿನಿಂದ ಇಳಿದು ಮೇಲೆ ಬರುವಲ್ಲಿ ಮನೆಯಷ್ಟು ದೊಡ್ಡ ಪರದೆ ಇದೆ. ಖುಷಿ ನಿಂತುಬಿಟ್ಟಳು.

‘ಅಮ್ಮಾ, ಇದು ನಿಮ್ ಕ್ಯಾಸೆಟ್ ಡ್ರಮ್ ಅಲ್ವಾ?’

‘ಎಲ್ಲ ಡ್ರಮ್ಮೂ ಹಂಗೇ ಇರುತ್ತೆ, ನಡಿ.’

‘ನೋ ಲಾ, ಇದೇ. ಚಿಕ್ಕೋಳಿದ್ದಾಗ ದಿನಾ ಕೇಳಿಸ್ತಿದ್ರಿ, ನಂಗೊತ್ತಿಲ್ವಾ? ಏನಮ್ಮಾ, ನೀವು ಸೇಲ್ ಮಾಡಿಬಿಟ್ರಾ?’

ಪರದೆಯ ಮೇಲೆ ಈಜುಕೊಳ, ಬಿಳಿ ಸೋಫಾ, ನಗುವ ಗಂಡ ಹೆಂಡತಿ. ಹೊಸ ಕಾಂಡೋದ ಜಾಹೀರಾತು. ನಾಗಮಣಿಯ ನಾಲ್ಕು ಸುತ್ತು ಬಂತು. ನಾಲ್ಕನೇ ಸುತ್ತಿನ ಕೊನೆಗೆ ಸಾವಿರ ಜನ ಒಟ್ಟಿಗೆ ಕೂಗಿದರು: ‘ವೆಲಾರಿಯಾ ಕೋರ್ಟ್!’

ಸತ್ತವರ ಜಾಗದಲ್ಲಿ ಕಟ್ಟಡದ ಹೆಸರು ಕೂಗಿದರು ಅಣ್ಣಾ. ಮತ್ತೆ ಮತ್ತೆ. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಕೂರಬಾರದು ಅಂತ ಗಾರ್ಡ್ ಬಂದು ಎಬ್ಬಿಸಿದ.

ಇಲ್ಮೊ ಮೋಸ ಮಾಡಿದ ಅಂತ ಬರೆಯಲು ಕೈ ತವಕಿಸುತ್ತದೆ. ಆದರೆ ಕೇಳು. ಅವನು ಹಾಡನ್ನು ಖಾಲಿ ಬಿಟ್ಟೇ ಮುಗಿಸಿದ್ದ. ಬಿಲ್ಡರ್ ಕಂಪನಿ ಅವನ ಹಳೆಯ ಗಿರಾಕಿ. ಅವರಿಗೆ ಕೇಳಿಸಿದ, ಅವರು ಕೊಂಡರು. ಕೊಂಡ ಮೇಲೆ ಬದಲಾಯಿಸುವ ಹಕ್ಕು ಅವರದು ಅಂತ ಕಾಗದದಲ್ಲಿತ್ತು. ಕ್ಯಾಸೆಟ್ ಯಾರದ್ದು ಅಂತ ಹೇಳುವ ಫಾರ್ಮು ಆ ಕಾಗದದ ಬೆನ್ನಿಗಿತ್ತು, ಅದನ್ನು ತುಂಬಿದವಳು ನಾನು.

ಮಾರ್ಚಿನಲ್ಲೇ ತುಂಬಿದೆ. ನಿನಗೆ ಮೊದಲ ಪತ್ರ ಬರೆದ ಮರುದಿನ. ಏಪ್ರಿಲ್‌ನಲ್ಲಿ ಒಪ್ಪಿಗೆ ಕೇಳಿದ್ದು ಆಗಿಹೋದದ್ದಕ್ಕೆ. ಫಾರ್ಮಿನಲ್ಲಿ ‘ನುಡಿಸಿದವರು’ ಅಂತ ಇತ್ತು, ‘ಜನ’ ಅಂತ ಬರೆದೆ. ‘ಹಕ್ಕುದಾರರು’ ಅಂತ ಇತ್ತು, ‘ಯಾರೂ ಇಲ್ಲ’ ಅಂತ ಬರೆದೆ. ಕಟ್ಟಳೆ ಪಾಲಿಸಿದೆ ಅಂತ ಎದೆ ಉಬ್ಬಿಸಿಕೊಂಡೇ ಬರೆದೆ. ಅವರ ವಕೀಲರ ಪ್ರಕಾರ ಯಾರದ್ದೂ ಅಲ್ಲ ಅಂದರೆ ಮೊದಲು ಕೈ ಹಾಕಿದವರದ್ದು. ಊರಿನವರೆಲ್ಲರ ದನ ಮೇಯುವ ಗಾಯರಾಣ ಜಮೀನುಗಳು ಹೋದದ್ದೂ ಹೀಗೆಯೇ ತಾನೇ? ಅದರ ವಿರುದ್ಧ ಹಾಡಿದವಳು ನಾನೇ. ಪೆನ್ನು ಕೈಗೆ ಬಂದಾಗ ನೆನಪಾಗಲಿಲ್ಲ.

ಇನ್ನೊಂದೂ ಹೇಳಿಬಿಡುತ್ತೇನೆ. ಇಲ್ಮೊ ಎದ್ದು ಬಂದದ್ದು ನನ್ನ ದನಿಗಲ್ಲ. ನಾನು ಹಾಡು ನಿಲ್ಲಿಸಿದ ಮೇಲೆ ಎದ್ದು ಬಂದ. ನನ್ನ ದನಿಯನ್ನು ಪೂರ್ತಿ ಕತ್ತರಿಸಿ ತೆಗೆದಿದ್ದಾನೆ. ನಿನಗೆ ಮೊದಲ ಪತ್ರ ಬರೆಯುವಾಗಲೂ ನನಗೆ ಅದು ಗೊತ್ತಿತ್ತು.

ಅವನ ಹತ್ತಿರ ಜಗಳಕ್ಕೆ ಹೋದೆ. ಅವನು ಜಗಳ ಆಡಲಿಲ್ಲ. ಅಪ್ಪ ಯಾಕೆ ಮಾತು ಬಿಟ್ಟ ಅಂತ ಆಗ ಹೇಳಿದ. ಸೈರನ್ ಇದ್ದ ಹಾಡನ್ನು ರೆಕಾರ್ಡ್ ಕಂಪನಿ ಒಂದು ಬ್ಯಾಂಕಿನ ಜಾಹೀರಾತಿಗೆ ಮಾರಿತಂತೆ. ಸಾಲ ಕೊಟ್ಟು ಗಿರಣಿ ಮುಚ್ಚಿಸಿದವರಲ್ಲಿ ಆ ಬ್ಯಾಂಕೂ ಒಂದು. ಕೆಲಸ ಹೋದವರು ಮನೆಯಲ್ಲಿ ಕೂತು ಟಿವಿಯಲ್ಲಿ ತಮ್ಮ ಶಿಫ್ಟಿನ ಸೈರನ್ ಕೇಳಿದರು. ಅಪ್ಪ ಟಿವಿ ಆರಿಸಿದ.

‘ಗೊತ್ತಿದ್ದೂ ನಮಗೆ ಯಾಕೆ ಮಾಡಿದೆ?’ ಅಂದೆ.

‘ಸುಸ್ತಾಗಿದೆ ವೇದಾ. ಒಮ್ಮೆ ಆದ ಮೇಲೆ ಎರಡನೇ ಸಲ ಅಷ್ಟು ಶಬ್ದ ಆಗುವುದಿಲ್ಲ.’

ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಎದುರಿಗೆ ಕೂತವನ ಮುಖದಲ್ಲಿ ನನ್ನದೇ ಮುಖ ಕಾಣಿಸಿತು, ಬಿಟ್ಟೆ.

ಇಲ್ಮೊ, ‘ನಾಗಮಣಿಯ ಹೆಸರನ್ನು ಎಲ್ಲ ಕಡೆ ದೊಡ್ಡದಾಗಿ ಹಾಕಿಸುತ್ತೇನೆ, ಕಂಪನಿಗೆ ಅದರಿಂದ ತೊಂದರೆಯಿಲ್ಲ’ ಅನ್ನುತ್ತಾನೆ. ಪೂರ್ತಿ ನಿಲ್ಲಿಸಬೇಕಾದರೆ ಬಾರಿಸಿದವಳೇ ಬೇಡ ಅನ್ನಬೇಕು, ನಾನು ಬರೆದದ್ದು ಸುಳ್ಳು ಅಂತ ನಾನೇ ಬರೆದುಕೊಡಬೇಕು. ಹಾಗೆ ಮಾಡಿದರೆ ಆ ಕಂಪನಿ ಇಲ್ಮೊನನ್ನು ಬಿಡುತ್ತದೆ. ಅವರು ಬಿಟ್ಟರೆ ಸ್ಟುಡಿಯೋ ಮುಚ್ಚುತ್ತದೆ. ಅವನಿಗೆ ಇದು ಕೊನೆಯದು. ಇದನ್ನೆಲ್ಲ ಮುಚ್ಚಿಡದೆ ಅವಳಿಗೆ ಹೇಳು.

ಅವಳ ದನಿ ಕೇಳಬೇಕು ಅಣ್ಣಾ. ನಾಗಲಿಂಗಪ್ಪನ ಫೋನಿನಿಂದಾದರೂ ಮಾಡಿಸು. ಅವಳೇ ಬೈಯಲಿ.

ಹಾಡಿನ ಫೈಲನ್ನೂ ಆ ಜಾಹೀರಾತನ್ನೂ ಒಂದು ಪೆನ್‌ಡ್ರೈವಿನಲ್ಲಿ ಹಾಕಿ ಇದರೊಳಗೆ ಇಟ್ಟಿದ್ದೇನೆ.

ವೇದಾ

*

ಬೆಟಗೇರಿ
27 ಅಕ್ಟೋಬರ್ 2024

ವೇದಾ,

ನಾಗಮಣಿ ಫೋನ್ ಮಾಡುವುದಿಲ್ಲ. ಮೂರು ವರ್ಷದ ಹಿಂದೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಮಂಚದ ಮೇಲಿದ್ದಾಳೆ. ಎಚ್ಚರ ಪೂರ್ತಿ ಇದೆ, ಎಲ್ಲ ತಿಳಿಯುತ್ತದೆ. ನಾನು ಫೋನ್ ಎತ್ತದಿರುವುದು ಅದಕ್ಕೆ. ಎತ್ತಿದರೆ ಎಲ್ಲರೂ ‘ನಾಗಮಣಿಗೆ ಕೊಡು’ ಅನ್ನುತ್ತಾರೆ. ಹಲಗಿಯ ನಾಗಮಣಿಗೆ ಹೀಗಾಗಿದೆ ಅಂತ ಊರೂರಿಗೆ ಸುದ್ದಿಯಾಗುವುದು ನನಗೆ ಬೇಕಿರಲಿಲ್ಲ. ಅವಳಿಗೆ ಬೇಕಿತ್ತೋ ಇಲ್ಲವೋ ಕೇಳಲಿಲ್ಲ.

ಮೇ ತಿಂಗಳಲ್ಲಿ ‘ನಾಗಮಣಿ ಒಪ್ಪಿದಳು’ ಅಂತ ಬರೆದದ್ದು ಸುಳ್ಳು. ಕೇಳಿರಲೇ ಇಲ್ಲ.

ಕೇಳಲು ದಾರಿ ಇಲ್ಲದೆ ಅಲ್ಲ. ಎಡಗೈ ಇದೆ. ಮಂಚದ ಪಟ್ಟಿಗೆ ಬೆರಳಿನಿಂದ ಒಂದು ಪೆಟ್ಟು ಕೊಟ್ಟರೆ ಹೌದು, ಎರಡು ಕೊಟ್ಟರೆ ಬೇಡ. ಮೂರು ವರ್ಷದಿಂದ ನಮ್ಮ ಸಂಸಾರ ಹೀಗೇ ನಡೆದಿದೆ. ನೀರು ಬೇಕಾ, ಹೊರಳಿಸಲಾ, ದೀಪ ಆರಿಸಲಾ, ಇಷ್ಟನ್ನೇ ಕೇಳುತ್ತಿದ್ದೆ. ಹಾಡಿನ ವಿಚಾರ ಬಂದಾಗ ಅವಳ ಪರವಾಗಿ ನಾನೇ ಹೇಳಿಬಿಟ್ಟೆ. ತಂಡದಲ್ಲಿಯೂ ಹಾಗೇ ಆಗುತ್ತಿತ್ತು, ಯೋಚಿಸಿ ನೋಡು. ಯಾವ ಊರು, ಯಾವ ಹಾಡು, ಯಾರ ಮುಂದೆ ಅಂತ ನಾವಿಬ್ಬರು ಜಗಳಾಡಿ ತೀರ್ಮಾನ ಮಾಡುತ್ತಿದ್ದೆವು. ಹಲಗಿ ಕಾಯಿಸಿಕೊಂಡು ಬಾ ಅಂತ ಅವಳಿಗೆ ಹೇಳುತ್ತಿದ್ದೆವು.

ನಿನ್ನ ತಾಯಿ ಅವಳಿಗೆ ಬೇರೆ ಲೋಟ ಇಟ್ಟಿದ್ದರು. ಅದನ್ನು ನೀನು ಅಂಗಳದಲ್ಲಿ ಒಗೆದು ನೆಗ್ಗಿಸಿದೆ, ಮನೆ ಬಿಟ್ಟು ಬಂದೆ. ಅದನ್ನು ಮರೆತಿಲ್ಲ. ಅಂಥವಳೇ ಅವಳ ಕೈಯ ಕೆಲಸಕ್ಕೆ ಯಾರೂ ಹಕ್ಕುದಾರರಿಲ್ಲ ಅಂತ ಬರೆದೆ. ನಿನಗಿಂತ ನಾನು ಮೇಲೇನಲ್ಲ. ನೀನು ಬರೆದದ್ದು ಒಂದು ಫಾರ್ಮಿನಲ್ಲಿ. ನಾನು ಅವಳ ಮಂಚದ ಪಕ್ಕದಲ್ಲೇ ಕೂತು ಬರೆದೆ.

ನಿನ್ನೆ ಕೇಳಿದೆ. ನಾಗಲಿಂಗಪ್ಪನ ಮನೆಯಿಂದ ಟಿವಿ ತಂದು ಅದಕ್ಕೆ ಪೆನ್‌ಡ್ರೈವ್ ಹಾಕಿಸಿದೆ. ಮೊದಲು ಆ ಇಲ್ಮೊನ ಹಾಡು. ಕಣ್ಣು ಮುಚ್ಚಿ ಕೇಳಿದಳು. ಆಮೇಲೆ ಜಾಹೀರಾತು. ಸಾವಿರ ಜನ ಕೂಗುವ ಜಾಗ ಬಂದಾಗ ಕಣ್ಣು ಬಿಟ್ಟಳು. ನಾಗಲಿಂಗಪ್ಪ, ‘ಏ ಅಕ್ಕಾ, ನಿಮ್ಮ ಹಲಗಿ ಸಿಂಗಪುರ ಮುಟ್ಟೇತಲ್ಲ, ಇನ್ನೇನ ಬೇಕು!’ ಅಂದ. ಅವನ ಕಡೆ ತಿರುಗಿಯೂ ನೋಡಲಿಲ್ಲ.

ನೀನು ಬರೆದದ್ದನ್ನೆಲ್ಲ ಓದಿದೆ. ಇಲ್ಮೊನ ಅಪ್ಪ, ಬ್ಯಾಂಕು, ಸ್ಟುಡಿಯೋ ಮುಚ್ಚುವುದು, ನಿನ್ನ ಕೆಲಸ. ಒಂದನ್ನೂ ಬಿಡಲಿಲ್ಲ. ಆಮೇಲೆ ಕೇಳಿದೆ.

‘ಇದು ಹಿಂಗ ನಡೀಲೇನು?’

ಎರಡು ಪೆಟ್ಟು.

‘ನಿನ್ನ ಹೆಸರ ದೊಡ್ಡದಾಗಿ ಹಾಕ್ತಾರಂತ. ಆಗ ನಡೀಲೇನು?’

ಎರಡು.

‘ಕಟ್ಟಡದ ಹೆಸರ ತಗದು, ಬರೇ ಇಲ್ಮೊನ ಹಾಡಷ್ಟ ಇದ್ರ?’

ಇಲ್ಲಿ ತಡ ಮಾಡಿದಳು. ನಾನು ಒಂದೇ ಬರಲಿ ಅಂತ ಕಾದೆ. ಆ ಮನುಷ್ಯನ ಮೇಲೆ ನನಗೂ ಕರುಣೆ ಬಂದಿತ್ತು. ಎರಡು ಬಂತು. ಮೊದಲಿನವುಗಳಿಗಿಂತ ಜೋರಾಗಿ.

ಯಾಕೆ ಅಂತ ಕೇಳಲು ನಮ್ಮ ಈ ಭಾಷೆಯಲ್ಲಿ ಜಾಗವಿಲ್ಲ. ಅವಳು ಕಾರಣ ಕೊಡಬೇಕಾಗಿಯೂ ಇಲ್ಲ. ಮೂವತ್ತು ವರ್ಷದಲ್ಲಿ ಅವಳನ್ನು ನಾವು ಕೇಳಿದ್ದು ಇದೇ ಮೊದಲು.

ಎಡಗೈ ಹೆಬ್ಬೆಟ್ಟು ಒತ್ತಿಸಿ ಕಾಗದ ಕಳಿಸಿದ್ದೇನೆ. ನಾಗಲಿಂಗಪ್ಪ ಸಾಕ್ಷಿ ಹಾಕಿದ್ದಾನೆ.

ಸುಭಾಷ್

*

ಪುಂಗೋಲ್
14 ಡಿಸೆಂಬರ್ 2024

ನಾಗಮಣಿ,

ಈ ಪತ್ರ ನಿನಗೆ. ಸುಭಾಷಣ್ಣ ಓದುವವನು ಮಾತ್ರ. ಅಣ್ಣಾ, ನಡುವೆ ನಿನ್ನ ಮಾತು ಸೇರಿಸಬೇಡ.

ಮೂರು ವರ್ಷ ನಿನಗೆ ಹೀಗಾಗಿದೆ ಅಂತ ನನಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಲು ಒಂದು ವಿಮಾನ ಸಾಕಿತ್ತು. ಊರಿಗೆ ಎರಡು ಸಲ ಬಂದೆ, ಎರಡು ಸಲವೂ ಹುಬ್ಬಳ್ಳಿಯಲ್ಲಿ ಮದುವೆ ಊಟ ಉಂಡು ವಾಪಸಾದೆ. ಇದಕ್ಕೆ ಕ್ಷಮೆ ಕೇಳಿದರೆ ನೀನು ಕ್ಷಮಿಸುವ ಕೆಲಸ ಮಾಡಬೇಕಾಗುತ್ತದೆ. ಆ ಕೆಲಸವನ್ನೂ ನಿನಗೆ ಹಚ್ಚುವುದಿಲ್ಲ.

ಆದದ್ದನ್ನು ಹೇಳುತ್ತೇನೆ. ನಿನ್ನ ಹೆಬ್ಬೆಟ್ಟಿನ ಕಾಗದ ಬಂದ ದಿನವೇ ಇಲ್ಮೊನ ಮೇಜಿನ ಮೇಲಿಟ್ಟೆ. ಮೂರು ಪ್ರಶ್ನೆಗಳನ್ನೂ ಇಂಗ್ಲಿಷಿಗೆ ಹಾಕಿ ಹೇಳಿದೆ. ಮೂರನೆಯದನ್ನು ಕೇಳಿ, ‘ನನ್ನದಕ್ಕೂ ಬೇಡ ಅಂದರಾ?’ ಅಂದ.

‘ನಿನ್ನದಕ್ಕೂ.’

‘ನಾನು ಖಾಲಿ ಬಿಟ್ಟಿದ್ದೆ.’

‘ಹೌದು. ಆದರೂ ಬೇಡ ಅಂದಳು.’

ಎದ್ದು ಹೊರಗೆ ಹೋಗಿ ಕಾರು ರಿಪೇರಿಯವರ ಸದ್ದಿನ ನಡುವೆ ಎರಡು ಸಿಗರೇಟು ಸೇದಿ ಬಂದ. ಬೈಯಲಿಲ್ಲ, ಬೇಡಿಕೊಳ್ಳಲಿಲ್ಲ. ‘ನನ್ನ ಅಪ್ಪನನ್ನು ಯಾರೂ ಕೇಳಿರಲಿಲ್ಲ’ ಅಂದ. ಒಳ್ಳೆಯವನು ಅಂತ ಹೇಳಲು ಇದನ್ನು ಬರೆಯುತ್ತಿಲ್ಲ. ಆ ವಾರವಿಡೀ ನನ್ನ ಮುಖ ನೋಡಲಿಲ್ಲ. ಸಹಿ ಮಾತ್ರ ಮಾಡಿದ.

ನಾನು ಹೊಸ ಫಾರ್ಮು ತುಂಬಿದೆ. ಮೊದಲು ಬರೆದುಕೊಟ್ಟದ್ದು ಸುಳ್ಳು, ಬಾರಿಸಿದವಳು ಇದ್ದಾಳೆ, ಅವಳು ಬೇಡ ಅಂದಿದ್ದಾಳೆ ಅಂತ ಬರೆದೆ. ಕೆಳಗೆ ‘ಕಾರಣ’ ಅಂತ ದೊಡ್ಡ ಖಾನೆ ಇತ್ತು. ಏನೂ ಬರೆಯಲಿಲ್ಲ. ಕಂಪನಿಯ ವಕೀಲ ಮೂರು ಸಲ ಫೋನ್ ಮಾಡಿದ. ‘ಮೇಡಂ, ಕಾರಣ ಇಲ್ಲದೆ ನಾವು ಏನಂತ ತೆಗೆದುಕೊಳ್ಳುವುದು?’ ಅಂದ. ‘ಬೇಡ ಅಂತ ತೆಗೆದುಕೊಳ್ಳಿ’ ಅಂದೆ. ಬಹಳ ಕಾಲದ ಮೇಲೆ ನನ್ನ ಗಂಟಲಿಗೆ ಅದರ ಕೆಲಸ ಸಿಕ್ಕಿತು.

ಹತ್ತು ದಿನಕ್ಕೆ ಪರದೆಯಿಂದ ಹೋಯಿತು. ಗೆದ್ದೆವು ಅಂದುಕೊಳ್ಳಬೇಡ. ಹದಿನೈದನೇ ದಿನಕ್ಕೆ ಅದೇ ಈಜುಕೊಳ, ಅದೇ ಸೋಫಾ, ಅದೇ ಕೂಗು ವಾಪಸು ಬಂತು. ಕೆಳಗೆ ಕಂಪ್ಯೂಟರಿನಲ್ಲಿ ಮಾಡಿದ ತಾಳ. ನಿನ್ನದರ ಹಾಗೆಯೇ ಇದೆ, ಸೆರಂಗೂನಿನಲ್ಲಿ ನಡೆದು ಹೋಗುವ ಯಾರಿಗೂ ವ್ಯತ್ಯಾಸ ತಿಳಿಯುವುದಿಲ್ಲ. ನಿನ್ನ ಕೈ ಅದರಲ್ಲಿಲ್ಲ. ಇಷ್ಟೇ ಆದದ್ದು. ದುಡ್ಡಿದ್ದವರು ಸೋಲುವುದಿಲ್ಲ ನಾಗಮಣಿ, ಬೇರೆ ಬಾಗಿಲಿನಿಂದ ಒಳಗೆ ಬರುತ್ತಾರೆ. ನಮಗದು ಇಪ್ಪತ್ತೈದರಲ್ಲಿ ತಿಳಿದಿತ್ತು. ಐವತ್ತೈದರಲ್ಲಿ ಇನ್ನೊಮ್ಮೆ ತಿಳಿಯುವಾಗ ಮೊಣಕಾಲು ನೋಯುತ್ತದೆ.

ಸ್ಟುಡಿಯೋ ಈ ತಿಂಗಳ ಕೊನೆಗೆ ಮುಚ್ಚುತ್ತದೆ. ಇಲ್ಮೊ ಊರಿಗೆ ಹೋಗುತ್ತಾನೆ. ಗಿರಣಿಯ ಊರಿನಲ್ಲಿ ಯುವಕರ ಕೇಂದ್ರವೊಂದಿದೆ, ಅಲ್ಲಿ ಟರ್ನ್‌ಟೇಬಲ್ ಕಲಿಸುವ ಕೆಲಸವಂತೆ, ವಾರಕ್ಕೆ ಮೂರು ದಿನ. ಗೋಡೆಯ ಬಹುಮಾನಗಳನ್ನು ಬಟ್ಟೆಯಲ್ಲಿ ಸುತ್ತುತ್ತ, ‘ಮೂವತ್ತೈದು ವರ್ಷದ ವೃತ್ತಿ, ಒಂದು ಸೂಟ್‌ಕೇಸು ತುಂಬಲಿಲ್ಲ’ ಅಂದ. ಆನಂದಕುಮಾರ ನನಗೆ, ‘ಇನ್ನು ಮನೇಲಿ ಆರಾಮಾಗಿರು, ಸಾಕು’ ಅನ್ನುತ್ತಾನೆ. ಆರಾಮ ಅಂದರೆ ಏನು ಅಂತ ಗೊತ್ತಿದ್ದರೆ ಇರುತ್ತಿದ್ದೆ.

ಮೊನ್ನೆ ಹಾಡನ್ನು ಅಳಿಸಿದೆವು. ಕಂಪ್ಯೂಟರಿನಲ್ಲಿದ್ದದ್ದು, ಬೇರೆ ಡಿಸ್ಕುಗಳಲ್ಲಿದ್ದದ್ದು, ಎಲ್ಲ. ಕೊನೆಯ ಗುಂಡಿ ಒತ್ತುವ ಮೊದಲು ಇಲ್ಮೊ ನನ್ನ ಕಡೆ ತಿರುಗಿ, ‘ಒಂದು ಸಲ ಕೇಳಿ ಅಳಿಸೋಣವಾ?’ ಅಂದ. ಹನ್ನೆರಡು ವರ್ಷದ ಮೇಲೆ ಅವನು ಮಾಡಿದ ಒಂದೇ ಹಾಡು. ನನಗೂ ಕೇಳುವ ಆಸೆ ಇತ್ತು. ಬೇಡ ಅಂದೆ. ಒತ್ತಿದ.

ಸುಭಾಷಣ್ಣನ ಹತ್ತಿರ ಇರುವ ಪೆನ್‌ಡ್ರೈವನ್ನು ಏನು ಮಾಡಬೇಕು ಅಂತ ಅವನಿಗೆ ನೀನೇ ತಿಳಿಸು.

ಇನ್ನು ಕ್ಯಾಸೆಟ್ ಒಂದು ಉಳಿದಿದೆ. ಅದು ನನ್ನ ಬೀರುವಿನಲ್ಲಿದೆ. ಇಪ್ಪತ್ತಾರು ವರ್ಷದ ಹಿಂದೆ ಊರು ಬಿಡುವಾಗ ಯಾರನ್ನೂ ಕೇಳದೆ ಸೀರೆಗಳ ನಡುವೆ ಇಟ್ಟುಕೊಂಡು ಬಂದೆ. ನನ್ನ ದನಿ ಇದೆ, ಹಾಗಾಗಿ ನನ್ನದು ಅಂದುಕೊಂಡೆ. ಅದಕ್ಕೆ ಈಗ ಕೇಳುತ್ತೇನೆ. ಅಣ್ಣಾ, ಮುಂದಿನ ಒಂದು ಸಾಲು ಓದಿ ನಿಲ್ಲಿಸಿ ಅವಳ ಕೈ ನೋಡು.

ನಾಗಮಣಿ, ಅದು ನನ್ನ ಹತ್ತಿರ ಇರಲೇನು?